ಎಂಆರ್‌ಐ ನಾರ್ಮಲ್, ಫಿಟ್ಸ್ ನಿಲ್ಲುತ್ತಿಲ್ಲ: ಆಪರೇಷನ್‌ಗೆ ಮುಂಚೆ ಅದು ಹುಟ್ಟುವ ಜಾಗ ಹುಡುಕುವುದು ಹೇಗೆ?

ಪ್ರಶ್ನೆ – ದಾವಣಗೆರೆಯಿಂದ
ಅಕ್ಕನ ಮಗನಿಗೆ 19 ವರ್ಷ. ಫಿಟ್ಸ್ ಮಾತ್ರೆ ಲೆವೆಟಿರಾಸಿಟಮ್, ಕಾರ್ಬಮಜೆಪಿನ್ ಎರಡೂ ಪೂರ್ತಿ ಡೋಸ್ ಆದವು. ಆದರೂ ತಿಂಗಳಿಗೆ ನಾಲ್ಕೈದು ಸಲ ಬರುತ್ತೆ. ಇಲ್ಲಿ ಮಾಡಿಸಿದ 1.5 ಟೆಸ್ಲಾ (ಆಯಸ್ಕಾಂತದ ಶಕ್ತಿ) ಎಂಆರ್‌ಐ ನಾರ್ಮಲ್. ಅರ್ಧ ಗಂಟೆಯ ಇಇಜಿಯಲ್ಲಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ಎಡ ಟೆಂಪೊರಲ್ (ಕಿವಿಯ ಬಳಿಯ ಮೆದುಳಿನ ಭಾಗ) ಸ್ಪೈಕ್, ಅಂದ್ರೆ ಚೂಪಾದ ಅಲೆ. ಬೆಂಗಳೂರಲ್ಲಿ ವಿಡಿಯೊ ಇಇಜಿಗೆ (ಕ್ಯಾಮೆರಾ ಇಟ್ಟು ಇಇಜಿ ತೆಗೆಯೋದು) ಮಾತ್ರೆಯ ಡೋಸ್ ಇಳಿಸುತ್ತಾರಂತೆ, ಭಯ ಆಗ್ತಿದೆ. ಎಂಆರ್‌ಐನಲ್ಲಿ ಏನೂ ಕಾಣದಿದ್ದರೆ ಆಪರೇಷನ್ ಆಸೆ ಬಿಡಬೇಕಾ?

ಉತ್ತರ – ಇಇಜಿ ಟೆಕ್ನೀಷಿಯನ್, ಚಿತ್ರದುರ್ಗ
ಸ್ಪೈಕ್ ಎರಡು ಫಿಟ್ಸ್‌ಗಳ ನಡುವೆ ಕಾಣುವಂಥದ್ದು. ಅದು ಎದ್ದ ಕಡೆಯೇ ಫಿಟ್ಸ್ ಹುಟ್ಟುತ್ತದೆ ಎನ್ನುವ ಹಾಗಿಲ್ಲ. ಫಿಟ್ಸ್ ಬರುವಾಗಲೇ ರೆಕಾರ್ಡ್ ಆಗಬೇಕು, ಮಾತ್ರೆ ಇಳಿಸುವುದು ಅದಕ್ಕೆ. ವಾರ್ಡ್‌ನಲ್ಲಿ ಐವಿ ಲೈನ್ ಹಾಕಿ, ಫಿಟ್ಸ್ ನಿಲ್ಲಿಸುವ ಲೊರಾಜೆಪಾಮ್ ಕೈಗೆ ಸಿಗುವಂತಿಟ್ಟೇ ಇಳಿಸುತ್ತಾರೆ. ಮನೆಯಿಂದಲೇ ಇಳಿಸಿಕೊಂಡು ಹೋಗಬೇಡಿ, ದಯವಿಟ್ಟು. ಸಾಮಾನ್ಯವಾಗಿ 3ರಿಂದ 7 ದಿನ ಹಿಡಿಯುತ್ತೆ.

ಹಿಂದಿನ ದಿನ ತಲೆಸ್ನಾನ ಆಗಲಿ, ಎಣ್ಣೆ ಮಾತ್ರ ಬೇಡ, ಎಲೆಕ್ಟ್ರೋಡ್ ಕಳಚಿಕೊಳ್ಳುತ್ತೆ. ಫಿಟ್ಸ್ ಶುರುವಾದರೆ ಬಟನ್ ಒತ್ತಿ, ಹೊದಿಕೆ ಸರಿಸಿ, ಪಕ್ಕದಲ್ಲೇ ನಿಂತು ಹೆಸರು ಕೇಳಿ. ತಬ್ಬಿ ಹಿಡಿದು ಕ್ಯಾಮೆರಾಕ್ಕೆ ಅಡ್ಡ ನಿಂತರೆ ಮೊದಲ ಕೆಲವು ಸೆಕೆಂಡು ಹೋಯಿತು, ಮೂಲ ಹೇಳುವುದೇ ಅವು. ಬಲಗೈ ಬಿಗಿದು ತಿರುಚಿಕೊಂಡರೆ ಎಡ ಮೆದುಳಿನ ಸಂಭವ ಹೆಚ್ಚು. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಮಾತು ಹೊರಡದಿದ್ದರೆ ಮಾತಿನ ಕಡೆಯ ಮೆದುಳು, ಬಹಳ ಜನರಲ್ಲಿ ಎಡವೇ.

ಉತ್ತರ – ರೇಡಿಯಾಲಜಿ
ಮಾಮೂಲಿ ಎಂಆರ್‌ಐನ 5 ಮಿ.ಮೀ. ಸ್ಲೈಸ್‌ಗಳ ನಡುವೆ ಸಣ್ಣ ಡಿಸ್‌ಪ್ಲೇಸಿಯಾ (ಮೆದುಳಿನ ಪದರ ಸರಿಯಾಗಿ ರೂಪುಗೊಳ್ಳದ ಜಾಗ) ತಪ್ಪಿಸಿಕೊಳ್ಳುತ್ತದೆ. 3 ಟೆಸ್ಲಾದಲ್ಲಿ ಎಪಿಲೆಪ್ಸಿ ಪ್ರೋಟೋಕಾಲ್ (ಫಿಟ್ಸ್ ಮೂಲ ಹುಡುಕಲೆಂದೇ ಇರುವ ಸ್ಕ್ಯಾನ್ ಕ್ರಮ) ಕೇಳಿ: 1 ಮಿ.ಮೀ. ಸ್ಲೈಸ್, ನಡುವೆ ಗ್ಯಾಪ್ ಇಲ್ಲದ 3ಡಿ ಟಿ1 ಮತ್ತು ಫ್ಲೇರ್, ಹಿಪೊಕ್ಯಾಂಪಸ್‌ಗೆ (ಟೆಂಪೊರಲ್ ಒಳಗಿನ ನೆನಪಿನ ಭಾಗ) ಅಡ್ಡವಾಗಿ ಕೊರೊನಲ್ ಟಿ2; ಇವು ಎಂಆರ್‌ಐ ಚಿತ್ರದ ಬಗೆಗಳು. ಚೀಟಿಯಲ್ಲಿ ‘ಎಡ ಟೆಂಪೊರಲ್ ಸಂಶಯ’ ಎಂದು ಬರೆಸಿ, ನೋಡುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ಫಿಲ್ಮ್ ಸಾಲದು, ಸಿಡಿ ಒಯ್ಯಿರಿ.

ಆಗಲೂ ಕಾಣದಿದ್ದರೆ ಪೆಟ್ ಸ್ಕ್ಯಾನ್: ಫಿಟ್ಸ್ ಮೂಲದ ಸುತ್ತ ಗ್ಲೂಕೋಸ್ ಬಳಕೆ ಕಡಿಮೆ ಇರುತ್ತದೆ. ರಕ್ತದ ಹರಿವು ತೋರಿಸುವ ಸ್ಪೆಕ್ಟ್ ಸ್ಕ್ಯಾನ್‌ಗೆ ಫಿಟ್ಸ್ ಶುರುವಾದ 20–30 ಸೆಕೆಂಡಿನಲ್ಲೇ ಇಂಜೆಕ್ಷನ್ ಹೋಗಬೇಕು. ತಡವಾದರೆ ಹರಡಿದ ಜಾಗ ಬೆಳಗುತ್ತದೆ, ಹುಟ್ಟಿದ ಜಾಗವಲ್ಲ.

ಉತ್ತರ – ನ್ಯೂರಾಲಜಿ
ಆಸೆ ಬಿಡಬೇಡಿ. ಎಂಆರ್‌ಐನಲ್ಲಿ ಗಾಯದ ಗುರುತು ಕಂಡವರಷ್ಟು ಫಲ ಸಿಗುವುದು ಕಷ್ಟ, ಆದರೆ ದಾರಿ ಮುಚ್ಚಿಲ್ಲ. ವಿಡಿಯೊ, ಇಇಜಿ, ಪೆಟ್ ಒಂದೇ ಕಡೆ ಬೊಟ್ಟು ಮಾಡದಿದ್ದರೆ ಎಸ್‌ಇಇಜಿ, ಅಂದರೆ ಮೆದುಳಿನ ಒಳಗಿಂದಲೇ ಇಇಜಿ: ಸುಮಾರು 0.8 ಮಿ.ಮೀ. ದಪ್ಪದ ಎಲೆಕ್ಟ್ರೋಡ್‌ಗಳನ್ನು ಸಣ್ಣ ರಂಧ್ರಗಳಿಂದ ಒಳಗಿಳಿಸುತ್ತಾರೆ. ಇಳಿಸಿದ ಕಡೆಯಷ್ಟೇ ಅದಕ್ಕೆ ಕಾಣುವುದು. ಹಾಗಾಗಿ ಮೊದಲ ಹಂತದ ಈ ಪರೀಕ್ಷೆಗಳನ್ನು (ವಿಡಿಯೊ, ಇಇಜಿ, ಪೆಟ್) ಅವಸರದಲ್ಲಿ ಮುಗಿಸಬಾರದು.

ಎಡಗಡೆಯಾದ್ದರಿಂದ ಮಾತು, ನೆನಪಿನ ಪರೀಕ್ಷೆ ಬೇಕೇಬೇಕು. ಹುಡುಗ ಮನೆಯಲ್ಲಿ ಆಡುವುದು ಕನ್ನಡವಾದರೆ ಕನ್ನಡದಲ್ಲೇ ಆಗಲಿ. ಇಂಗ್ಲಿಷಿನಲ್ಲಿ ತಡವರಿಸಿದ್ದನ್ನು ಮೆದುಳಿನ ಕೊರತೆ ಎಂದು ಓದುವ ಅಪಾಯವಿದೆ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮಾಡಿಸುವುದಾದರೆ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ರೆಫರಲ್ ವಿಚಾರಿಸಿಕೊಂಡೇ ಹೊರಡಿ.