ಕ್ಯಾಸಿನೊ ರೆಸಾರ್ಟ್‌ನಲ್ಲಿ ಮೂರು ರಾತ್ರಿ: ಹೆಚ್ಚು ಆಡದವರಿಗೆ ಲಾಭವೋ, ನಷ್ಟವೋ?

ಮೂರುದಿನದಪಯಣ (ಪ್ರಶ್ನೆ):

ದೊಡ್ಡ ಕ್ಯಾಸಿನೊ ಇರುವ ಐಷಾರಾಮಿ ರೆಸಾರ್ಟ್‌ನಲ್ಲಿ ಮೂರು ರಾತ್ರಿ ತಂಗುವ ಯೋಚನೆ ಇದೆ. ಇಬ್ಬರು ದೊಡ್ಡವರು, ಒಂಬತ್ತು ವರ್ಷದ ಒಂದು ಮಗು. ಒಂದು ಸಂಜೆ ಕುತೂಹಲಕ್ಕೆ ಸ್ವಲ್ಪ ಹೊತ್ತು ಆಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಇಷ್ಟೇ ದರ್ಜೆಯ, ಆದರೆ ಕ್ಯಾಸಿನೊ ಇಲ್ಲದ ಹೋಟೆಲಿಗೆ ಹೋಲಿಸಿದರೆ ಇಲ್ಲಿ ರೂಮಿನ ಬಾಡಿಗೆ ಸುಮಾರು ಮೂರನೇ ಒಂದು ಪಾಲು ಕಡಿಮೆ. ಈಜುಕೊಳ, ಸ್ಪಾ, ಶೋ, ಊಟ ಎಲ್ಲವೂ ಒಂದೇ ಕಡೆ.

ಈ ಅಗ್ಗ ನಿಜವೇ, ಇಲ್ಲ ಬೇರೆ ದಾರಿಯಲ್ಲಿ ವಸೂಲಿಯಾಗುತ್ತದೆಯೇ? ಮೆಂಬರ್‌ಶಿಪ್ ಕಾರ್ಡ್ ಮಾಡಿಸಿದರೆ ಉಪಯೋಗ ಇದೆಯೇ? ಬುಕ್ ಮಾಡುವ ಮುಂಚೆ ಏನೇನು ಕೇಳಿಕೊಳ್ಳಬೇಕು? ವಿವರವಾಗಿ ಹೇಳಿದರೆ ಉಪಕಾರ.

ಮುಂಗಟ್ಟೆಲೆಕ್ಕ:

ಅಗ್ಗ ನಿಜ. ಬಾಡಿಗೆ ನಿಗದಿ ಮಾಡುವಾಗಲೇ ಬಂದವರಲ್ಲಿ ಬಹಳ ಮಂದಿ ಕೆಳಗಿಳಿದು ಆಡುತ್ತಾರೆ ಅನ್ನುವ ಲೆಕ್ಕ ಅದರಲ್ಲಿ ಸೇರಿರುತ್ತದೆ. ಆಡದವರಿಗೆ ಆ ವ್ಯತ್ಯಾಸ ಕೈಯಲ್ಲೇ ಉಳಿಯುತ್ತದೆ. ಆದರೆ ನೀವು ಹೋಲಿಸಬೇಕಾದದ್ದು ಹುಡುಕಾಟದ ಪುಟದಲ್ಲಿ ಕಾಣುವ ದರವನ್ನಲ್ಲ, ಚೆಕ್‌ಔಟ್ ದಿನ ಕೈಗೆ ಬರುವ ಬಿಲ್ಲನ್ನು.

ಮೊದಲನೆಯದು ರೆಸಾರ್ಟ್ ಫೀ. ವೈಫೈ, ಜಿಮ್, ಈಜುಕೊಳದ ಹೆಸರಿನಲ್ಲಿ ಪ್ರತಿ ರಾತ್ರಿಗೆ ಕಟ್ಟಲೇಬೇಕಾದ ಮೊತ್ತ ಇದು. ಅವನ್ನು ಬಳಸದಿದ್ದರೂ ಬಿಡುವುದಿಲ್ಲ, ಅದರ ಮೇಲೆ ತೆರಿಗೆಯೂ ಬೀಳುತ್ತದೆ. ಬಾಡಿಗೆ ಎಷ್ಟು ಕಡಿಮೆಯೋ ಅದರಲ್ಲಿ ಈ ಫೀಯ ಪಾಲು ಅಷ್ಟು ದೊಡ್ಡದು. ಅಮೆರಿಕದಲ್ಲಿ 2025ರ ಮೇ 12ರಿಂದ ಇಂಥ ಕಡ್ಡಾಯ ಫೀ ಸೇರಿಸಿದ ಮೊತ್ತವನ್ನೇ ಮೊದಲು ತೋರಿಸಬೇಕೆಂಬ ನಿಯಮ ಜಾರಿಯಲ್ಲಿದೆ. ಎಲ್ಲ ದೇಶಗಳಲ್ಲೂ ಹಾಗಿಲ್ಲ. ಹಾಗಾಗಿ ಹಣ ಪಾವತಿಸುವ ಕೊನೆಯ ಪುಟದವರೆಗೂ ಹೋಗಿ ಮೊತ್ತ ನೋಡಿ, ಆಮೇಲೆ ಹೋಲಿಸಿ.

ಎರಡನೆಯದರಲ್ಲೇ ಹೆಚ್ಚು ಜನ ಎಡವುವುದು: ಚೆಕ್‌ಇನ್ ವೇಳೆ ಕಾರ್ಡಿನ ಮೇಲೆ ಹಾಕುವ ಹೋಲ್ಡ್. ರೂಮಿನ ಇತರೆ ಖರ್ಚಿಗೆ ಭದ್ರತೆಯಾಗಿ ರಾತ್ರಿಗಿಷ್ಟು ಎಂದು ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡ್ ಆದರೆ ಮಿತಿ ಅಷ್ಟಕ್ಕೆ ಕಡಿಮೆಯಾಗುತ್ತದೆ, ಅಷ್ಟೇ. ಡೆಬಿಟ್ ಅಥವಾ ಪ್ರೀಪೇಯ್ಡ್ ಕಾರ್ಡ್ ಕೊಟ್ಟರೆ ಖಾತೆಯಲ್ಲಿರುವ ನಿಮ್ಮದೇ ದುಡ್ಡು ಸಿಕ್ಕಿಬೀಳುತ್ತದೆ. ಚೆಕ್‌ಔಟ್ ಮಾಡಿದಾಗ ಹೋಟೆಲಿನವರು ಹೋಲ್ಡ್ ಬಿಡುಗಡೆ ಮಾಡಿದರೂ ನಿಮ್ಮ ಬ್ಯಾಂಕ್ ಅದನ್ನು ತೆರವು ಮಾಡಲು ಹಲವು ದಿನ ತೆಗೆದುಕೊಳ್ಳಬಹುದು. ಈ ನಡುವೆ ಅಂತಿಮ ಬಿಲ್ಲು ಬೇರೆಯಾಗಿ ಕಡಿತವಾಗಿರುತ್ತದೆ, ಎರಡು ಸಲ ದುಡ್ಡು ಹೋದ ಹಾಗೆ ಕಾಣುತ್ತದೆ. ಪ್ರವಾಸದ ಖರ್ಚಿನ ದುಡ್ಡೆಲ್ಲ ಒಂದೇ ಡೆಬಿಟ್ ಕಾರ್ಡಿನಲ್ಲಿಟ್ಟುಕೊಂಡು ಹೋಗಬೇಡಿ.

ಮಿನಿಬಾರ್ (ರೂಮಿನ ಪುಟ್ಟ ಫ್ರಿಡ್ಜಿನಲ್ಲಿ, ತಟ್ಟೆಯಲ್ಲಿ ಮಾರಾಟಕ್ಕಿಟ್ಟ ತಿಂಡಿ, ಪಾನೀಯ) ಬಗ್ಗೆ ಮಗುವಿಗೆ ಮೊದಲೇ ಹೇಳಿ. ಹಲವು ಕಡೆ ಬಾಟಲಿಯ ತಳದಲ್ಲಿ, ಚಾಕೊಲೇಟಿನ ತಟ್ಟೆಯಲ್ಲಿ ಸೆನ್ಸರ್ ಇರುತ್ತದೆ. ಎತ್ತಿ ಕೆಲವು ಸೆಕೆಂಡು ಆಚೆ ಇಟ್ಟರೆ ಸಾಕು, ತಾನಾಗಿಯೇ ಬಿಲ್ಲಿಗೆ ಸೇರಿಬಿಡುತ್ತದೆ. ನಿಮ್ಮ ಹಾಲು, ಔಷಧಿ ಇಡಲು ಅಲ್ಲಿಯ ಸಾಮಾನು ಸರಿಸಿದರೂ ಅದೇ ಕತೆ. ಬೇರೆ ಫ್ರಿಡ್ಜ್ ಬೇಕೆಂದು ಕೇಳಿ. ಔಷಧಿಗೆಂದರೆ ಸಾಮಾನ್ಯವಾಗಿ ಕೊಡುತ್ತಾರೆ. ಹೊರಡುವ ಹಿಂದಿನ ರಾತ್ರಿಯೇ ಬಿಲ್ಲಿನ ಪ್ರತಿ ತರಿಸಿ ಸಾಲುಸಾಲಾಗಿ ಓದಿ. ಬೆಳಗ್ಗೆ ಚೆಕ್‌ಔಟ್ ಹೊತ್ತಿನ ಉದ್ದ ಸಾಲಿನಲ್ಲಿ ನಿಂತು ತಕರಾರು ತೆಗೆಯುವುದು ಬಹಳ ಕಷ್ಟ.

ಬೇರೆ ದೇಶದಲ್ಲಿದ್ದರೆ ಇನ್ನೊಂದು ಮಾತು. ಕಾರ್ಡ್ ಮಷೀನು "ನಿಮ್ಮ ದೇಶದ ಕರೆನ್ಸಿಯಲ್ಲೇ ಕಟ್ಟುತ್ತೀರಾ" ಎಂದು ಕೇಳಿದರೆ ಬೇಡ ಅನ್ನಿ. ಆ ವಿನಿಮಯ ದರದಲ್ಲಿ ಅವರ ಕಮಿಷನ್ ಸೇರಿರುತ್ತದೆ.

ಸೊನ್ನೆಯಸಾಕ್ಷಿ:

ಮೇಲಿನವರು ರೂಮಿನ ಲೆಕ್ಕ ಹೇಳಿದ್ದಾರೆ, ನಾನು ಆ "ಒಂದು ಸಂಜೆ"ಯ ಲೆಕ್ಕ ಹೇಳುತ್ತೇನೆ. ಉಳಿಸಿದ ಬಾಡಿಗೆ ಕರಗುವುದು ಅಲ್ಲೇ.

ರೂಲೆಟ್‌ನಲ್ಲಿ (ತಿರುಗುವ ಚಕ್ರದಲ್ಲಿ ಗುಂಡು ನಿಲ್ಲುವ ಅಂಕಿಗೆ ಪಣ ಕಟ್ಟುವ ಆಟ) ಮೊದಲು ಚಕ್ರದ ಸೊನ್ನೆಗಳನ್ನು ಎಣಿಸಿ. ಒಂದೇ ಸೊನ್ನೆ ಇದ್ದರೆ 37 ಮನೆ, ಕಟ್ಟಿದ ಪಣದಲ್ಲಿ ಕ್ಯಾಸಿನೊದ ಸರಾಸರಿ ಪಾಲು 2.70%. ಎರಡಿದ್ದರೆ 38 ಮನೆ, 5.26%. ಈಗ ಕೆಲವು ಕಡೆ ಮೂರು ಸೊನ್ನೆಯ ಚಕ್ರವೂ ಬಂದಿದೆ; ಅಲ್ಲಿ 39 ಮನೆ, 7.69%. ಗೆದ್ದಾಗ ಕೊಡುವ ದುಡ್ಡು ಮೂರರಲ್ಲೂ ಒಂದೇ, ಒಂದು ಅಂಕಿಗೆ 35 ಪಟ್ಟು. ಹಾಗಾಗಿ ಹೆಚ್ಚಿಗೆ ಸೇರಿಸಿದ ಒಂದೊಂದು ಸೊನ್ನೆಯೂ ಪೂರ್ತಿ ಅವರ ಜೇಬಿಗೆ.

ಬ್ಲ್ಯಾಕ್‌ಜ್ಯಾಕ್ ಎಂಬ ಇಸ್ಪೀಟಾಟದ ಮೇಜಿನ ಮೇಲೆ ಹಾಸಿದ ಬಟ್ಟೆಯಲ್ಲಿ ಒಂದು ಸಾಲು ಅಚ್ಚಾಗಿರುತ್ತದೆ: ಬ್ಲ್ಯಾಕ್‌ಜ್ಯಾಕ್ (ಮೊದಲ ಎರಡು ಎಲೆಗಳಲ್ಲೇ 21) ಬಂದರೆ ಇಟ್ಟ 2ಕ್ಕೆ 3 (3 to 2) ಅಥವಾ ಇಟ್ಟ 5ಕ್ಕೆ 6 (6 to 5). ಕೂರುವ ಮುಂಚೆ ಅದನ್ನು ಓದಿ. 10ರ ಪಣಕ್ಕೆ (ಯಾವ ಕರೆನ್ಸಿಯಾದರೂ ಲೆಕ್ಕ ಒಂದೇ) ಮೊದಲನೆಯದು 15 ಕೊಡುತ್ತದೆ, ಎರಡನೆಯದು 12. ಸುಮಾರು 21 ಕೈಗೆ (ಕೈ ಅಂದರೆ ಒಂದು ಸುತ್ತು ಆಟ) ಒಮ್ಮೆ ಬ್ಲ್ಯಾಕ್‌ಜ್ಯಾಕ್ ಬರುತ್ತದೆ. ಗಂಟೆಗೆ 70 ಕೈ ಎಂದರೆ ಮೂರಕ್ಕಿಂತ ತುಸು ಹೆಚ್ಚು ಸಲ, ಪ್ರತಿ ಸಲವೂ 3 ಖೋತಾ. ಆ ಒಂದು ಸಾಲಿಗಾಗಿ ಗಂಟೆಗೆ 10ರಷ್ಟು ಹೆಚ್ಚಿಗೆ ಹೋಯಿತು, ಅಂದರೆ ಪೂರ್ತಿ ಒಂದು ಪಣ.

ಸ್ಲಾಟ್ ಮಷೀನು ನೋಡಲು ಎಲ್ಲಕ್ಕಿಂತ ಸಣ್ಣದು, ತಿನ್ನುವುದು ಜೋರು. ಒಂದು ಒತ್ತಿಗೆ 1 ಇಟ್ಟು ಗಂಟೆಗೆ 500 ಸಲ ಒತ್ತುವುದು ಏನೂ ಹೆಚ್ಚಲ್ಲ. ಮಷೀನು 8% ಇಟ್ಟುಕೊಳ್ಳುವಂಥದ್ದಾದರೆ ಸರಾಸರಿ ಗಂಟೆಗೆ 40 ಹೋಯಿತು. 10ರ ಪಣದಲ್ಲಿ ಒಂದು ಸೊನ್ನೆಯ ರೂಲೆಟ್ ಆಡುವವರಿಗೆ, ಗಂಟೆಗೆ 38 ಸಲ ಚಕ್ರ ತಿರುಗಿದರೂ, ಸರಾಸರಿ ನಷ್ಟ 10ರ ಆಸುಪಾಸು. ನಷ್ಟವನ್ನು ತೀರ್ಮಾನಿಸುವುದು ಪಣದ ಗಾತ್ರ ಮಾತ್ರವಲ್ಲ, ವೇಗ ಕೂಡ.

ಇನ್ನು ಮೆಂಬರ್‌ಶಿಪ್ ಕಾರ್ಡ್. ಆಡುವಾಗ ಅದನ್ನು ಹಾಕಿದರೆ ನಿಮ್ಮ ಆಟದ ಲೆಕ್ಕ ಇಟ್ಟು ಪುಕ್ಕಟೆ ಊಟ, ರೂಮಿನ ಆಸೆ ತೋರಿಸುತ್ತಾರೆ. ಆದರೆ ನೀವು ನಿಜಕ್ಕೂ ಸೋತದ್ದನ್ನು ನೋಡಿ ಅವನ್ನು ಕೊಡುವುದಿಲ್ಲ. ಸರಾಸರಿ ಪಣ, ಗಂಟೆಗೆ ಎಷ್ಟು ಕೈ, ಎಷ್ಟು ಗಂಟೆ, ಅವರ ಪಾಲು ಎಷ್ಟು ಶೇಕಡಾ ಎಂದು ಗುಣಿಸಿ "ಬರಬೇಕಾದ ನಷ್ಟ" ಎಂದು ಒಂದು ಮೊತ್ತ ತೆಗೆಯುತ್ತಾರೆ. 10ರ ಪಣ, 70 ಕೈ, 4 ಗಂಟೆ ಎಂದರೆ ಒಟ್ಟು ಪಣ 2800. 2% ಹಿಡಿದರೆ 56. ಅದರಲ್ಲಿ 20ರಿಂದ 40% ವಾಪಸ್ ಕೊಡುವುದು ರೂಢಿ, ಅಂದರೆ 11ರಿಂದ 22. ಅಷ್ಟರ ಊಟಕ್ಕಾಗಿ ಇನ್ನೊಂದು ಗಂಟೆ ಕೂತರೆ ಊಟದ ಬೆಲೆ ನೀವೇ ಕೊಟ್ಟ ಹಾಗೆ.

ಕಾರ್ಡ್ ಮಾಡಿಸುವುದಕ್ಕೆ ದುಡ್ಡಿಲ್ಲ, ಮಾಡಿಸಿ. ರೂಮಿನ ದರ ಅಥವಾ ಪಾರ್ಕಿಂಗ್‌ನಲ್ಲಿ ರಿಯಾಯಿತಿ ಸಿಗಬಹುದು. ಒಂದು ಸೂಕ್ಷ್ಮ ಮಾತ್ರ ಗಮನಿಸಿ: ಮುಂದಿನ ಸಲದ ಆಫರ್‌ಗಳನ್ನು ಹಲವು ಕಡೆ ದಿನದ ಸರಾಸರಿ ಮೇಲೆ ಲೆಕ್ಕ ಹಾಕುತ್ತಾರೆ. ಒಂದು ದಿನ ಆ "ಬರಬೇಕಾದ ನಷ್ಟ" 56 ಬಂದು, ಮಾರನೇ ದಿನ ಕಾರ್ಡ್ ಹಾಕಿ ಕಾಲು ಗಂಟೆ ಆಡಿದರೆ 3.5. ಸರಾಸರಿ 30ರ ಕೆಳಕ್ಕೆ ಇಳಿಯಿತು. ಹಾಗಾಗಿ ಆಡುವುದಾದರೆ ಎಲ್ಲ ಒಂದೇ ದಿನ ಮುಗಿಸಿ. ಉಳಿದ ದಿನ ಕಾರ್ಡ್ ಹೊರಗೆ ತೆಗೆಯಬೇಡಿ.

ಮೂರುದಿನದಪಯಣ:

ಇಬ್ಬರಿಗೂ ಧನ್ಯವಾದ. 2ಕ್ಕೆ 3, 5ಕ್ಕೆ 6 ವಿಷಯ ಗೊತ್ತೇ ಇರಲಿಲ್ಲ. ಮಗು ಇದೆಯಲ್ಲ, ಸಿಗರೇಟಿನ ಹೊಗೆ, ರಾತ್ರಿಯ ಗದ್ದಲ ಹೇಗೆ? ಎಂಥ ರೂಮು ಕೇಳಬೇಕು? ನಗದು ಬೇಕಾದರೆ ಅಲ್ಲಿಯ ಎಟಿಎಂ ಸಾಕೇ?

ನಕ್ಷೆನೋಡಿಹೋಗಿ:

ಬುಕ್ ಮಾಡುವ ಮುಂಚೆ ರೆಸಾರ್ಟ್‌ನ ನಕ್ಷೆ ಇಳಿಸಿಕೊಂಡು ಒಂದೇ ಒಂದು ವಿಷಯ ನೋಡಿ: ಲಿಫ್ಟಿನಿಂದ ಈಜುಕೊಳಕ್ಕೆ, ಊಟದ ಜಾಗಕ್ಕೆ, ಹೊರಬಾಗಿಲಿಗೆ ಹೋಗಲು ಕ್ಯಾಸಿನೊ ಅಂಗಳ ದಾಟಲೇಬೇಕೇ? ಹಳೆಯ ಮಾದರಿಯ ಕಟ್ಟಡಗಳಲ್ಲಿ ದಾಟಲೇಬೇಕು. ತಗ್ಗು ಛಾವಣಿ, ವಕ್ರ ದಾರಿ, ಎಲ್ಲಿಗೆ ಹೊರಟರೂ ಮಷೀನಿನ ಮುಂದೆ ಹೋಗಿ ನಿಲ್ಲುವ ಹಾಗೆ ಕಟ್ಟಿರುತ್ತಾರೆ. ಲಾಸ್ ವೇಗಾಸ್‌ನಲ್ಲಿ 1998ರಲ್ಲಿ ತೆರೆದ ಬೆಲಾಜಿಯೋ ಕ್ಯಾಸಿನೊ ಹೋಟೆಲಿನಲ್ಲಿ ವಿನ್ಯಾಸಕ ರೋಜರ್ ಥಾಮಸ್ ಎತ್ತರದ ಛಾವಣಿ, ಹಗಲು ಬೆಳಕು, ಹೂವಿನ ತೋಟ ತಂದಮೇಲೆ ಹೊಸ ಐಷಾರಾಮಿ ಕಟ್ಟಡಗಳು ಆ ದಾರಿ ಹಿಡಿದವು. ಮಗುವಿದ್ದವರಿಗೆ ಈ ವ್ಯತ್ಯಾಸ ದಿನಕ್ಕೆ ಹತ್ತು ಸಲ ತಟ್ಟುತ್ತದೆ. ಮಕ್ಕಳು ಗುರುತು ಮಾಡಿದ ದಾರಿಯಲ್ಲಿ ನಡೆದು ಹೋಗಬಹುದು, ಮಷೀನಿನ ಪಕ್ಕ ನಿಲ್ಲುವಂತಿಲ್ಲ. ಕೆಲವು ದೇಶಗಳಲ್ಲಿ ಅಂಗಳಕ್ಕೆ ಕಾಲಿಡುವಂತೆಯೇ ಇಲ್ಲ. ವಯಸ್ಸಿನ ಮಿತಿ ಒಂದು ಕಡೆ 18, ಇನ್ನೊಂದು ಕಡೆ 21. ದೊಡ್ಡವರೂ ಗುರುತಿನ ಚೀಟಿ ಜೊತೆಗಿಟ್ಟುಕೊಳ್ಳಿ.

(ಜನ ಎಚ್ಚರವಾಗಿರಲಿ ಎಂದು ಒಳಗೆ ಆಮ್ಲಜನಕ ಬಿಡುತ್ತಾರೆ ಅನ್ನುವುದು ಸುಳ್ಳು. ಹೊಗೆ ಸೇದುವ ಜಾಗದಲ್ಲಿ ಹಾಗೆ ಮಾಡಿದರೆ ಬೆಂಕಿಗೆ ಆಹ್ವಾನ ಕೊಟ್ಟ ಹಾಗೆ.)

ರೂಮು ಕೇಳುವಾಗ ಹೀಗೆ ಕೇಳಿ: ಧೂಮಪಾನ ನಿಷೇಧಿತ ಮಹಡಿ, ಮೇಲಿನ ಮಹಡಿ, ಲಿಫ್ಟಿನಿಂದ ದೂರ, ಪಕ್ಕದ ರೂಮಿಗೆ ನಡುಬಾಗಿಲು ಇಲ್ಲದ್ದು. ಆ ನಡುಬಾಗಿಲು ಗೋಡೆಯಷ್ಟು ಸದ್ದು ತಡೆಯುವುದಿಲ್ಲ. ನೈಟ್‌ಕ್ಲಬ್ ಇದ್ದರೆ ಅದರ ನೇರ ಮೇಲಿನ ಮಹಡಿಗಳು ಬೇಡ. ಮಾತಿನ ಸದ್ದು ಗೋಡೆಯಲ್ಲಿ ನಿಂತರೂ ಸಂಗೀತದ ಬೇಸ್ (ತಗ್ಗಿನ ಗುಡುಗುಡು ಸದ್ದು) ಕಾಂಕ್ರೀಟಿನಲ್ಲಿ ಹಾದು ಬಂದು ಹಾಸಿಗೆಯನ್ನೇ ಅದುರಿಸುತ್ತದೆ. ಶುಕ್ರವಾರ, ಶನಿವಾರ ಬಾಡಿಗೆಯೂ ಏರುತ್ತದೆ, ಗದ್ದಲವೂ ಏರುತ್ತದೆ. ಭಾನುವಾರದಿಂದ ಬುಧವಾರದವರೆಗೆ ಇಟ್ಟುಕೊಳ್ಳಿ, ಆ ವಾರ ಅಲ್ಲಿ ದೊಡ್ಡ ಸಮ್ಮೇಳನ ಇಲ್ಲವೆಂದು ನೋಡಿಕೊಂಡು.

ಎಟಿಎಂ ಮಾತ್ರ ಬೇಡ. ಕ್ಯಾಸಿನೊ ಅಂಗಳದ ಎಟಿಎಂ ಶುಲ್ಕ ಹೊರಗಿನದಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಕ್ರೆಡಿಟ್ ಕಾರ್ಡಿನಿಂದ ಚಿಪ್ಸ್ (ಮೇಜಿನಲ್ಲಿ ದುಡ್ಡಿನ ಬದಲು ಇಡುವ ಬಿಲ್ಲೆ) ಕೊಂಡರೆ ಅಥವಾ ನಗದು ತೆಗೆದರೆ ಬ್ಯಾಂಕ್ ಅದನ್ನು ಖರೀದಿ ಎಂದು ನೋಡುವುದಿಲ್ಲ, ನಗದು ಸಾಲ ಎಂದೇ ನೋಡುತ್ತದೆ. ಶುಲ್ಕ ಬೇರೆ, ಬಡ್ಡಿಯೂ ಅದೇ ದಿನದಿಂದ ಶುರು. ಆಡಲು ಇಟ್ಟ ನಗದನ್ನು ಹೊರಗಿನ ಬ್ಯಾಂಕಿನಿಂದ ಮೊದಲೇ ತಂದು ಒಂದು ಲಕೋಟೆಯಲ್ಲಿಡಿ. ಕಾರ್ಡುಗಳನ್ನು ರೂಮಿನ ಲಾಕರ್‌ನಲ್ಲಿಟ್ಟು ಲಕೋಟೆ ಮಾತ್ರ ಹಿಡಿದು ಇಳಿಯಿರಿ.

ತಣ್ಣನೆಮಾತು:

ಎಲ್ಲರೂ ಲೆಕ್ಕ ಚೆನ್ನಾಗಿ ಹೇಳಿದ್ದಾರೆ, ಒಂದು ಮಾತು ಸೇರಿಸಲೇಬೇಕು. ಜೊತೆಗೆ ಬರುವವರಲ್ಲಿ ಯಾರಿಗಾದರೂ ಹಿಂದೆ ಜೂಜಿನ ತೊಂದರೆ ಆಗಿದ್ದರೆ ಬಾಡಿಗೆ ಅರ್ಧವಾದರೂ ಈ ಜಾಗ ಬೇಡ. ಹಾಸಿಗೆಯಿಂದ ಮೇಜಿಗೆ ಒಂದು ಲಿಫ್ಟಿನ ದೂರ, ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆ, ಒಳಗೆ ಗಡಿಯಾರವಿಲ್ಲ. ತನ್ನನ್ನು ಒಳಗೆ ಬಿಡಬೇಡಿ ಎಂದು ತಾವೇ ಹೆಸರು ನೋಂದಾಯಿಸುವ ವ್ಯವಸ್ಥೆ ಹಲವು ದೇಶಗಳಲ್ಲಿದೆ. ಹಾಗೆ ನೋಂದಾಯಿಸಿದವರಿದ್ದರೆ ಹೋಟೆಲ್ ಭಾಗಕ್ಕೂ ನಿರ್ಬಂಧ ಇದೆಯೇ ಎಂದು ಬುಕ್ ಮಾಡುವ ಮುಂಚೆ ಫೋನ್ ಮಾಡಿ ಕೇಳಿ. ಬಾಗಿಲವರೆಗೆ ಹೋಗಿ ವಾಪಸ್ ಬರುವ ಹಾಗಾಗಬಾರದು.

ನಿಮಗೆ ಅಂಥದ್ದೇನೂ ಇಲ್ಲವಾದರೆ, ವಾರದ ನಡುವಿನ ಮೂರು ರಾತ್ರಿ, ಫೀ ಸೇರಿಸಿದ ಮೇಲೂ ಬೇರೆ ಹೋಟೆಲಿಗಿಂತ ಐದನೇ ಒಂದು ಪಾಲಾದರೂ ಕಡಿಮೆ ಬಿದ್ದರೆ ಧೈರ್ಯವಾಗಿ ಹೋಗಿ. ಅದಕ್ಕಿಂತ ಕಡಿಮೆ ವ್ಯತ್ಯಾಸವಾದರೆ ಮಗುವಿರುವಾಗ ಕ್ಯಾಸಿನೊ ಇಲ್ಲದ ಹೋಟೆಲೇ ಹಾಯಾಗಿರುತ್ತದೆ. ಉಳಿದ ಚಿಪ್ಸನ್ನು ಎದ್ದ ಕೂಡಲೇ ಅಲ್ಲಿಯ ಕ್ಯಾಷ್ ಕೌಂಟರಿನಲ್ಲಿ ನಗದು ಮಾಡಿಸಿಕೊಳ್ಳಿ. ಬೇರೆ ಕ್ಯಾಸಿನೊದಲ್ಲಿ ಅವು ನಡೆಯುತ್ತವೆಂದು ನಂಬಿಕೊಳ್ಳುವಂತಿಲ್ಲ, ಜೇಬಿನಲ್ಲಿದ್ದರೆ ರಾತ್ರಿ ಮತ್ತೆ ಇಳಿಯುವ ಮನಸ್ಸಾಗುತ್ತದೆ.