ಸಮಸ್ಯಾಪೂರಣ: ಕಿಟಕಿಯ ಗಾಜಲಿ ತೋಟವು ಬೆಳೆಯಿತು

ಸಮಸ್ಯೆ ಕೊಟ್ಟವರು:

ಈ ವಾರದ ಸಮಸ್ಯೆ ನನ್ನದು.

*ಕಿಟಕಿಯ ಗಾಜಲಿ ತೋಟವು ಬೆಳೆಯಿತು*

ನಾಲ್ಕು ಮಾತ್ರೆಯ ಗಣ, ಸಾಲಿಗೆ ನಾಲ್ಕು. ಪ್ರಾಸ 'ಟ'. ಕೊಟ್ಟಿರೋದು ನಾಲ್ಕನೇ ಸಾಲು, ಮೇಲಿನ ಮೂರು ನಿಮ್ಮದು. ಸಾಲು ಎಲ್ಲಿಂದ ಬಂತು ಅನ್ನೋದನ್ನು ಎರಡು ಪೂರಣ ಬಂದ ಮೇಲೆ ಹೇಳುತ್ತೇನೆ. ಮೊದಲೇ ಹೇಳಿದರೆ ಎಲ್ಲರೂ ಒಂದೇ ದಾರಿ ಹಿಡಿಯುತ್ತೀರಿ.

ಮೊದಲ ಪೂರಣ:

ಗಾಜು ಅಂದ ಕೂಡಲೇ ನನಗೆ ಪ್ರತಿಬಿಂಬ ನೆನಪಾಯಿತು. ಮಳೆ ತೊಳೆದ ಗಾಜು, ಹೊಳೆಯಾಚೆಯ ಮರಗಳು.

*ಪಟಪಟ ಮಳೆಹನಿ ಬಿದ್ದವು ತೊಳೆಯಲು,*
*ತಟದಾಚೆಯ ಮರ ಬಳ್ಳಿಗಳೆಲ್ಲವು*
*ಪುಟಿಯುತ ಒಳಗಡೆ ಬಿಂಬಿಸಿ ಬಂದುವು,*
*ಕಿಟಕಿಯ ಗಾಜಲಿ ತೋಟವು ಬೆಳೆಯಿತು.*

ಎರಡನೇ ಪೂರಣ:

ಮೇಷ್ಟ್ರೇ, 'ತಟದಾಚೆಯ' ತುಂಬಾ ಚೆನ್ನಾಗಿ ಕೂತಿದೆ. ನನ್ನದು ಮನೆಯೊಳಗಿನದು. ನಮ್ಮ ಮಗಳು ಮಳೆಗಾಲದಲ್ಲಿ ಮಾಡುವ ಕೆಲಸವೇ ಇದು.

*ಚಟಪಟ ಮಾತಿನ ಪುಟ್ಟಿಯು ಓದಿನ*
*ಪುಟಗಳ ಬಿಟ್ಟಳು, ಉಸಿರನು ಊದುತ*
*ಪಟದೊಲು ಬೆರಳಲಿ ಬರೆಯಲು ಬಳ್ಳಿಯ*
*ಕಿಟಕಿಯ ಗಾಜಲಿ ತೋಟವು ಬೆಳೆಯಿತು.*

ಸಮಸ್ಯೆ ಕೊಟ್ಟವರು:

ಎರಡೂ ಖುಷಿ ಕೊಟ್ಟವು. ಎರಡನೆಯದು ಮೂಲಕ್ಕೆ ಎಷ್ಟು ಹತ್ತಿರ ಹೋಗಿದೆ ಅಂತ ಬರೆದವರಿಗೇ ಗೊತ್ತಿರಲಿಕ್ಕಿಲ್ಲ.

ಮೂಲ ಕೆನಡಾದ ಕವಿ ಎಮಿಲ್ ನೆಲಿಗನ್‌ದು. 1879ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಟ್ಟಿದವನು. ಅಪ್ಪ ಐರಿಶ್, ಅಮ್ಮ ಫ್ರೆಂಚ್ ಮಾತಾಡುವ ಕೆನಡಾದವಳು. ಹುಡುಗ ಅಮ್ಮನ ಭಾಷೆಯಲ್ಲಿ ಬರೆದ. ಫ್ರೆಂಚ್ ಕವಿಗಳಾದ ಬೋದಿಲೇರ್, ವೆರ್ಲೇನ್ ಅವನಿಗೆ ದೇವರಿದ್ದ ಹಾಗೆ. ಬೋದಿಲೇರ್ ನಮಗೆ ಹೊಸಬನಲ್ಲ, ಲಂಕೇಶ್ 'ಪಾಪದ ಹೂಗಳು' ಅಂತ ಕನ್ನಡಕ್ಕೆ ತಂದಿದ್ದಾರೆ. ನೆಲಿಗನ್‌ನನ್ನು ಮಾತ್ರ ನಮ್ಮಲ್ಲಿ ನೆನೆಯುವವರು ಕಡಿಮೆ. 1899ರ ಮೇ ತಿಂಗಳಲ್ಲಿ ಒಂದು ಸಭೆಯಲ್ಲಿ ಪದ್ಯ ಓದಿದ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದೇ ಆಗಸ್ಟ್‌ನಲ್ಲಿ ಅವನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಆಗ ವಯಸ್ಸು 19. 1941ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ 42 ವರ್ಷ, ಆಸ್ಪತ್ರೆಯಲ್ಲೇ ಇದ್ದ. ನಮಗೆ ಸಿಕ್ಕಿರುವ ಕವಿತೆಗಳೆಲ್ಲ ಹೆಚ್ಚುಕಡಿಮೆ ಹದಿಹರೆಯದ ಹುಡುಗನವು. ಲೂಯಿ ದಾಂತಾಂ ಎಂಬ ಹೆಸರಲ್ಲಿ ಬರೆಯುತ್ತಿದ್ದ ಒಬ್ಬ ಪಾದ್ರಿ ಅವನ್ನು ಒಟ್ಟುಮಾಡಿ, 1904ರಲ್ಲಿ ಪುಸ್ತಕವಾಗುವ ಹಾಗೆ ಮಾಡಿದ.

ಸಾಲು 'ಚಳಿಗಾಲದ ಸಂಜೆ' ಎಂಬ ಪದ್ಯದ್ದು. ಅದನ್ನು ಅನುವಾದ ಮಾಡೋಕೆ ಕೂತು ಆರು ತಿಂಗಳಾಯಿತು. ಮೊದಲ ಸಾಲೇ ಬಿಡುತ್ತಿಲ್ಲ. 'ಆ! ಕಾಮ್ ಲಾ ನೇಜ್ ಆ ನೇಜೆ.' ನೇಜ್ ಅಂದರೆ ಹಿಮ. ಹಿಮ ಬೀಳೋದಕ್ಕೂ ಅದೇ ಪದದ ಕ್ರಿಯಾಪದ. ನಮ್ಮಲ್ಲಿ ಹಾಡು ಹಾಡ್ತೀವಿ, ಆಟ ಆಡ್ತೀವಿ, ನಗೆ ನಗ್ತೀವಿ, ಆದರೆ ಹಿಮಕ್ಕೆ ಅಂಥ ಕ್ರಿಯಾಪದ ಎಲ್ಲಿಂದ ತರೋದು? ಹಿಮ 'ಬೀಳುತ್ತದೆ' ಅಷ್ಟೆ. 'ಅಯ್ಯೋ, ಎಷ್ಟೊಂದು ಹಿಮ ಬಿತ್ತು' ಅಂತ ಬರೆದೆ. ಹವಾಮಾನ ವರದಿ ಓದಿದ ಹಾಗಾಯಿತು.

ಎರಡನೇ ಸಾಲೇ ನಿಮ್ಮ ಸಮಸ್ಯೆ: ನನ್ನ ಕಿಟಕಿ ಗಾಜು ಹಿಮದ ತೋಟ. ಇದಕ್ಕೆ ನಾನು 'ಹೊರಗಿನ ಹಿಮವೇ ಗಾಜಿಗೆ ಹೂವಾಗಿ ಅಂಟಿತು' ಅಂತ ಹಾಕಿದ್ದೇನೆ. ಹೇಗಿದೆ ಹೇಳಿ.

ಮಾಂಟ್ರಿಯಲ್‌ನಿಂದ ಒಂದು ಉತ್ತರ:

ಸರ್, ನಾನು ಇಲ್ಲಿಗೆ ಬಂದು ಒಂಬತ್ತು ವರ್ಷ. ನೆಲಿಗನ್ ಇದ್ದ ಲಾವಾಲ್ ಬೀದಿ, ಪಕ್ಕದ ಸೇಂಟ್ ಲೂಯಿ ಚೌಕ, ಎರಡೂ ಗೊತ್ತು. ಚೌಕದಲ್ಲಿ ಅವನ ಪ್ರತಿಮೆ ಇದೆ. ನಿಮ್ಮ ಸಾಲು ಓದೋಕೆ ಚೆನ್ನಾಗಿದೆ, ಆದರೆ ವಿಷಯ ತಪ್ಪು. ಹೊರಗೆ ಬೀಳೋ ಹಿಮ ಗಾಜಿನ ಮೇಲೆ ತೋಟ ಆಗುವುದಿಲ್ಲ. ಅದೇ ಬೇರೆ, ಇದೇ ಬೇರೆ.

ನಾನು ಮೊದಲು ಬಾಡಿಗೆಗಿದ್ದ ಹಳೇ ಮನೆಯಲ್ಲಿ ಹಿಂದಿನ ಬಾಗಿಲಿಗೆ ಒಂದೇ ಪದರದ ಗಾಜಿತ್ತು. ಮೈನಸ್ 25 ಇದ್ದ ಒಂದು ಬೆಳಿಗ್ಗೆ ಎದ್ದು ನೋಡಿದರೆ ಗಾಜಿನ ಒಳಮೈಯಲ್ಲಿ, ಒಳಮೈಯಲ್ಲಿ ಸರ್, ಜರಿಗಿಡದ ಎಲೆಗಳು. ಅಂಚಿನಿಂದ ನಡುವಿಗೆ ಹಬ್ಬಿದ್ದವು. ಒಂದೊಂದು ಎಲೆಗೂ ನಡುವೆ ಕಡ್ಡಿ, ಕಡ್ಡಿಯ ಎರಡೂ ಬದಿಗೆ ಸಣ್ಣ ಸಣ್ಣ ಎಲೆ. ಬೆರಳಿಟ್ಟೆ. ಬೆರಳಗಲ ಕರಗಿತು, ಆ ತೂತಿನಲ್ಲಿ ಬೀದಿದೀಪ ಕಂಡಿತು. ಮನೆಯೊಳಗಿನ ತೇವ, ನಮ್ಮ ಉಸಿರು, ಅಡುಗೆ ಹಬೆ, ಅದೇ ಹೋಗಿ ತಣ್ಣನೆ ಗಾಜಿನ ಮೇಲೆ ಹಾಗೆ ಹೆಪ್ಪುಗಟ್ಟುವುದು. ಈಗಿನ ಎರಡು ಪದರದ ಕಿಟಕಿಗಳಲ್ಲಿ ಕಾಣುವುದು ಅಪರೂಪ. ಫ್ರೆಂಚಿನಲ್ಲಿ ಇದಕ್ಕೆ 'ಜೀವ್ರ್' ಅಂತ ಬೇರೆ ಪದವೇ ಇದೆ. ಕವಿ ಬಳಸಿರುವುದೂ ಅದನ್ನೇ.

ಸಮಸ್ಯೆ ಕೊಟ್ಟವರು:

ಅಕ್ಕ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನಿಘಂಟು ನೋಡಿ ಎರಡಕ್ಕೂ ಹಿಮ ಅಂತಲೇ ಬರೆದುಕೊಂಡು ಕೂತಿದ್ದೆ. ತೋಟ ಹೊರಗಿನಿಂದ ಬಂದಿಲ್ಲ, ಆ ಹುಡುಗನ ಕೋಣೆಯ ಉಸಿರಿನಿಂದಲೇ ಬೆಳೆದಿದೆ ಅಂದಮೇಲೆ ಮುಂದೆ ಅವನು ಹೇಳುವ ನೋವು ಎಲ್ಲಿಂದ ಬಂತು ಅಂತ ಹುಡುಕಬೇಕಾಗಿಲ್ಲ. 'ಜೀವ್ರ್'ಗೆ ಅವನು ಕೊಟ್ಟ ಪ್ರಾಸ 'ವೀವ್ರ್', ಬದುಕು. ಆ ಪ್ರಾಸ ಕನ್ನಡದಲ್ಲಿ ಸಿಗುವುದಿಲ್ಲ, ಬಿಟ್ಟೆ. ಉಸಿರನ್ನಾದರೂ ಉಳಿಸಿಕೊಳ್ಳೋಣ ಅಂತ ಈಗಷ್ಟೇ ಬರೆದೆ:

*ಹಟದಲಿ ಸುರಿಯಿತು ಸುರಿಯಿತು ಹಿಮವದು,*
*ಕಟಕಟ ಹಲ್ಲಿನ ಹುಡುಗನ ಉಸಿರೇ*
*ಕಟುಚಳಿ ತಾಗುತ ಕಲ್ಲಾದೊಡನೆಯೆ*
*ಕಿಟಕಿಯ ಗಾಜಲಿ ತೋಟವು ಬೆಳೆಯಿತು.*

ಮೊದಲ ಪೂರಣದವರು:

ಇದೇ ಸರಿ. ನನ್ನ ಬಿಂಬದ ಪೂರಣಕ್ಕಿಂತ ಇದಕ್ಕೆ ಜೀವ ಜಾಸ್ತಿ. ಇನ್ನು 'ನೇಜ್ ಆ ನೇಜೆ'ಗೆ ಒಂದು ದಾರಿ. ನಮ್ಮ ಮನೆ ಕಡೆ ಹೆಂಗಸರು 'ಅವಳು ಅತ್ತ ಅಳುವೇ!' ಅಂತಾರಲ್ವಾ? ಹಾಗೇ 'ಆಹಾ, ಹಿಮ ಸುರಿದ ಸುರಿತವೇ!' ಅಂದರೆ? ಬೇರು ಎರಡು ಸಲ ಬಂತು, ಉದ್ಗಾರವೂ ಉಳಿಯಿತು.

ಸಮಸ್ಯೆ ಕೊಟ್ಟವರು:

ಮೇಷ್ಟ್ರೇ, ಆರು ತಿಂಗಳ ಗಂಟು ಬಿಚ್ಚಿದಿರಿ! ಅದೇ ಪದ್ಯದಲ್ಲಿ ಮುಂದೆ ಫೆಬ್ರವರಿಯ ಹಕ್ಕಿಗಳಿಗೆ 'ನನ್ನ ಅಳು ಅಳಿರಿ' ಅಂತಾನೆ. ಅದು ಕನ್ನಡಕ್ಕೆ ತಾನಾಗಿಯೇ ಬಂದು ಕೂತಿತ್ತು, ಈಗ ಮೊದಲ ಸಾಲಿಗೂ ಅದಕ್ಕೂ ನಂಟು ಬೆಳೆಯಿತು.

ಇನ್ನೊಂದು ಮಾತು. ಕೊನೆಯ ಚರಣದಲ್ಲಿ ಮೊದಲ ಚರಣವೇ ತಿರುಗಿ ಬರುತ್ತದೆ. 'ನನಗಿರುವ ನೋವು' ಅಂತ ಇದ್ದಲ್ಲಿ ಮಾತ್ರ 'ನನಗಿರುವ ಆನ್ವಿ' ಅಂತ ಆಗುತ್ತದೆ. ಆ ಪದಕ್ಕೆ ವಿಷಾದ, ಜಡತೆ, ನಿರುತ್ಸಾಹ ಎಲ್ಲ ಹಾಕಿ ನೋಡಿದೆ, ಯಾವುದೂ ಕೂರಲಿಲ್ಲ. ಮೊನ್ನೆ ಅಮ್ಮ ಫೋನಿನಲ್ಲಿ 'ಯಾಕೋ ಬೇಜಾರು ಕಣೋ' ಅಂದರು. ಮನಸ್ಸಿಗೆ ನೋವಾದರೂ ನಾವು ಬೇಜಾರು ಅಂತೀವಿ, ಹೊತ್ತು ಹೋಗದಿದ್ದರೂ ಬೇಜಾರು ಅಂತೀವಿ. ಫ್ರೆಂಚ್ ಪದದ ಎರಡೂ ಮುಖ ಆ ಒಂದೇ ಪದದಲ್ಲಿದೆ. ಬೇಸರ ಅಂತ ಹಾಕಿದ್ದೇನೆ, ಇನ್ನು ಬದಲಾಯಿಸುವುದಿಲ್ಲ.

ಅದರಿಂದಲೇ ಮುಂದಿನ ವಾರದ ಸಮಸ್ಯೆ. ಗಣ ಇದೇ, ಪ್ರಾಸ 'ವ'. ಮಾಂಟ್ರಿಯಲ್ ಅಕ್ಕ, ಈ ಸಲ ನೀವೂ ಪೂರಣ ಬರೆಯಬೇಕು.

*ನೋವಿನ ಜಾಗಕೆ ಬೇಸರ ಬಂದಿತು*