7ನೇ ತರಗತಿಯ ಮಕ್ಕಳಿಂದ ಹವಾಮಾನ ಮುನ್ಸೂಚನೆ: ಆ್ಯಪ್ ನೋಡಿ ಓದುವುದನ್ನು ತಪ್ಪಿಸುವುದು ಹೇಗೆ?

ನಾಪೋಕ್ಲು ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಕಡೆಯ ಶಾಲೆ, 7ನೇ ತರಗತಿ, 32 ಮಕ್ಕಳು. ಜೂನ್ ಮೂರನೇ ವಾರದಿಂದ ಆರು ವಾರ ದಿನಕ್ಕೊಂದು ತಂಡ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹವಾಮಾನ ಮುನ್ಸೂಚನೆ ಹೇಳಬೇಕು ಅಂತ ಯೋಜನೆ. ಒಂದು ವಾರ ಮಾಡಿಸಿ ನೋಡಿದರೆ ಎಲ್ಲರೂ ಮೊಬೈಲಿನಲ್ಲಿ ಬಂದದ್ದನ್ನು ಬರೆದುಕೊಂಡು "ನಾಳೆ ಮಳೆ ಬರುವ ಸಾಧ್ಯತೆ ಇದೆ" ಅಂತ ಓದಿ ಕೂತರು. ನಮ್ಮ ಮಳೆಗಾಲದಲ್ಲಿ ಆ ಮಾತು ಯಾವತ್ತೂ ತಪ್ಪಾಗುವುದಿಲ್ಲ, ಮಕ್ಕಳು ಕಲಿಯುವುದೂ ಏನಿಲ್ಲ. ದುಬಾರಿ ಉಪಕರಣ ಇಲ್ಲದೆ ಏನೇನು ಅಳೆಸಬಹುದು, ಅದರಿಂದ ಮುನ್ಸೂಚನೆಗೆ ಹೇಗೆ ಬರುವುದು, ಮಾತಾಡುವುದನ್ನು ಹೇಗೆ ತಿದ್ದುವುದು, ತಿಳಿದವರು ಹೇಳಿ.

ಮಳೆಲೆಕ್ಕ

ಮೇಡಂ, ಮೊದಲು ಪ್ರಶ್ನೆಯನ್ನೇ ಬದಲಾಯಿಸಿ. ಕೊಡಗಿನ ಜುಲೈನಲ್ಲಿ "ಮಳೆ ಬರುತ್ತಾ?" ಅನ್ನುವುದರಲ್ಲಿ ಅರ್ಥವಿಲ್ಲ, "ಎಷ್ಟು?" ಅಂತ ಕೇಳಿಸಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 2.5ರಿಂದ 15.5 ಮಿ.ಮೀ. ಬಿದ್ದರೆ ಹಗುರ ಮಳೆ, 15.6ರಿಂದ 64.4 ಸಾಧಾರಣ, 64.5ರಿಂದ 115.5 ಭಾರಿ, 115.6ರಿಂದ 204.4 ಅತಿ ಭಾರಿ, ಅದಕ್ಕೂ ಮೇಲೆ ಹೋದರೆ ಅತ್ಯಂತ ಭಾರಿ. 2.5ಕ್ಕಿಂತ ಕಡಿಮೆ ಬಿದ್ದದ್ದನ್ನು ಮಳೆ ದಿನ ಅಂತ ಹಿಡಿಯುವುದಿಲ್ಲ. ಹೀಗೆ ಆರು ಮನೆ, ಅಂದರೆ ಆರು ವರ್ಗ ಆಯಿತು. ತಂಡ ಒಂದು ಮನೆಯನ್ನು ಆರಿಸಿ ಬೋರ್ಡಿನ ಮೂಲೆಯಲ್ಲಿ ಬರೆಯಲಿ, ಆಮೇಲೆ ಅಳಿಸುವಂತಿಲ್ಲ. "ನಾಳೆ" ಅನ್ನುವ ಪದವನ್ನೂ ಬಿಡಿಸಿ, "ಇವತ್ತು ಬೆಳಿಗ್ಗೆ 8.30ರಿಂದ ನಾಳೆ ಬೆಳಿಗ್ಗೆ 8.30ರವರೆಗೆ" ಅನ್ನಿಸಿ. ಇಲಾಖೆ ಅಳೆಯುವುದೂ ಅದೇ ಹೊತ್ತಿಗೆ. ಮರುದಿನ ಅಳೆದು, ಸರಿಯಾದ ಮನೆಗೆ 2 ಅಂಕ, ಒಂದು ಮನೆ ಆಚೀಚೆ ಆದರೆ 1, ಮಿಕ್ಕಿದ್ದಕ್ಕೆ ಸೊನ್ನೆ.

ಜೊತೆಗೆ "ನಿನ್ನೆಯದೇ ಇಂದು" ಅಂತ ಮಕ್ಕಳೇ ಇಲ್ಲದ ಒಂದು ತಂಡಕ್ಕೂ ಅಂಕ ಹಾಕುತ್ತಾ ಹೋಗಿ. ನಿನ್ನೆ ಬಿದ್ದ ಮಳೆಯ ಮನೆಯನ್ನೇ ಇವತ್ತಿಗೂ ಹೇಳುವ ತಂಡ ಅದು. ಮಳೆ ಒಂದೇ ಸಮ ಹಿಡಿದುಕೊಂಡಿರುವಾಗ ಅದನ್ನು ಸೋಲಿಸುವುದು ಬಹಳ ಕಷ್ಟ. ಮಳೆ ಹೊಳವಾಗುವ (ಬಿಡುವು ಕೊಡುವ) ದಿನ ಮತ್ತು ಪುನಃ ಜೋರು ಹಿಡಿಯುವ ದಿನ ಅದು ಮುಗ್ಗರಿಸುತ್ತದೆ. ಮಕ್ಕಳು ತಲೆ ಓಡಿಸಬೇಕಾದದ್ದು ಆ ದಿನಗಳಲ್ಲೇ.

ಇನ್ನು ಮಳೆಮಾಪಕ. ಬಾಟಲಿ ಕೊಯ್ದು ಸ್ಕೇಲ್ ಅಂಟಿಸುವ ಮಾದರಿ ಬೇಡ. ಬಾಟಲಿಯ ತಳ ಸಮ ಇರುವುದಿಲ್ಲ, ನಡು ಕಿರಿದಾಗಿರುತ್ತದೆ, ಹಾಗಾಗಿ ಸ್ಕೇಲಿನ 1 ಮಿ.ಮೀ. ಮಳೆಯ 1 ಮಿ.ಮೀ. ಆಗುವುದಿಲ್ಲ. ನಮ್ಮ ಕಡೆಯ ಜೋರು ಮಳೆಗೆ ಅದು ತುಂಬಿ ಹರಿದೂ ಹೋಗುತ್ತದೆ. ಬದಲಿಗೆ 5 ಲೀಟರ್ ಕ್ಯಾನಿಗೆ ಪ್ಲಾಸ್ಟಿಕ್ ಲಾಳಿಕೆ ಕೂರಿಸಿ. ಬಾಯಿಯ ಒಳ ವ್ಯಾಸ 11.3 ಸೆಂ.ಮೀ. ಇದ್ದರೆ ವಿಸ್ತೀರ್ಣ 100 ಚದರ ಸೆಂ.ಮೀ., ಆಗ ಕ್ಯಾನಿನಲ್ಲಿ ಸಿಕ್ಕ ಪ್ರತಿ 10 ಮಿ.ಲೀ. ನೀರು 1 ಮಿ.ಮೀ. ಮಳೆ. 730 ಮಿ.ಲೀ. ಸಿಕ್ಕರೆ 73 ಮಿ.ಮೀ., ಅಂದರೆ ಭಾರಿ ಮಳೆ. 15 ಸೆಂ.ಮೀ. ಲಾಳಿಕೆ ಆದರೆ ಸುಮಾರು 17.7 ಮಿ.ಲೀ.ಗೆ 1 ಮಿ.ಮೀ. ಈ ಭಾಗಾಕಾರವನ್ನು ಮಕ್ಕಳೇ ಮಾಡಲಿ. ಲಾಳಿಕೆಯ ಇಳಿಜಾರಿಗೆ ಬಿದ್ದ ದಪ್ಪ ಹನಿ ಹೊರಗೆ ಸಿಡಿಯುತ್ತದೆ, ಅದಕ್ಕೆ ಬಾಯಿಯ ಸುತ್ತ 10 ಸೆಂ.ಮೀ. ಎತ್ತರದ ನೆಟ್ಟನೆಯ ತಗಡಿನ ಪಟ್ಟಿ ಸುತ್ತಿ. ಪಟ್ಟಿ ಸುತ್ತಿದ ಮೇಲೆ ವ್ಯಾಸ ಅಳೆಯಬೇಕಾದದ್ದು ಪಟ್ಟಿಯದ್ದು, ಲಾಳಿಕೆಯದ್ದಲ್ಲ.

ಬಾಯಿ ನೆಲದಿಂದ 30 ಸೆಂ.ಮೀ. ಮೇಲಿರಲಿ, ಓರೆಯಾಗಬಾರದು. ಕಾಂಕ್ರೀಟ್ ಮೇಲೆ ಇಟ್ಟರೆ ಸಿಡಿದ ನೀರು ಒಳಗೆ ಬರುತ್ತದೆ, ಹುಲ್ಲಿನ ನೆಲವೇ ಒಳ್ಳೆಯದು. ಮರ, ಕಟ್ಟಡದಿಂದ ಅವುಗಳ ಎತ್ತರದ ಎರಡು ಪಟ್ಟು ದೂರ ಬೇಕು: 15 ಮೀಟರ್ ಸಿಲ್ವರ್ ಓಕ್ ಇದ್ದರೆ 30 ಮೀಟರ್. ಲಾಳಿಕೆಯ ಕೊಳವೆಗೆ ಎಲೆ ಕಟ್ಟಿಕೊಂಡಿದೆಯಾ ಅಂತ ದಿನವೂ ನೋಡಬೇಕು.

ಕಾಫಿಕಣ

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮಕ್ಕಳ ಮನೆಗಳಲ್ಲಿ ತೋಟದ ಮಳೆ ಲೆಕ್ಕ ಇಂಚು, ಸೆಂಟ್‌ನಲ್ಲಿ ಇರುತ್ತದೆ. ಅದು ನಿಮಗೆ ದೊಡ್ಡ ಆಸ್ತಿ, ಬಿಡಬೇಡಿ. 1 ಇಂಚು ಅಂದರೆ 100 ಸೆಂಟ್, ಅಂದರೆ 25.4 ಮಿ.ಮೀ. ಮೇಲಿನ 73 ಮಿ.ಮೀ. ನಮ್ಮ ಲೆಕ್ಕಕ್ಕೆ 2 ಇಂಚು 87 ಸೆಂಟ್. ಮುನ್ಸೂಚನೆ ಹೇಳುವಾಗ ಎರಡೂ ಹೇಳಿಸಿ, ಆಗ ಅಜ್ಜನಿಗೂ ಅರ್ಥವಾಗುತ್ತದೆ.

ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಒಂದಿದೆ: "1 ಇಂಚು 5 ಸೆಂಟ್" ಅನ್ನುವುದನ್ನು ಮಕ್ಕಳು 1.5 ಅಂತ ಬರೆಯುತ್ತಾರೆ. ಅದು 1.05. ಮೊದಲನೆಯದು 38.1 ಮಿ.ಮೀ., ಎರಡನೆಯದು 26.7. ದಶಮಾಂಶ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ತಾರೀಕಿನ ಗೊಂದಲವೂ ಇದೆ. ಇಲಾಖೆ 12ರ ಬೆಳಿಗ್ಗೆ ಅಳೆದದ್ದನ್ನು 12ನೇ ತಾರೀಕಿಗೇ ಬರೆಯುತ್ತದೆ, ಬಿದ್ದದ್ದು ಬಹುಪಾಲು 11ರಂದು ಆಗಿದ್ದರೂ. ಮನೆಯ ಪುಸ್ತಕದಲ್ಲಿ ಹಿಂದಿನ ದಿನಕ್ಕೆ ಬರೆಯುವ ರೂಢಿ ಇದ್ದರೆ ನಿಮ್ಮ ಪಟ್ಟಿಯೊಂದಿಗೆ ಒಂದು ದಿನ ತಾಳೆಯಾಗುವುದಿಲ್ಲ. ಮೊದಲೇ ಕೇಳಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ಇಲಾಖೆಯ ವಿಭಾಗದಲ್ಲಿ ಕೊಡಗು ದಕ್ಷಿಣ ಒಳನಾಡಿಗೆ ಸೇರಿದೆ. ರಾಜ್ಯದ ವರದಿಯಲ್ಲಿ "ದಕ್ಷಿಣ ಒಳನಾಡಿನ ಕೆಲವು ಕಡೆ ಮಳೆ" ಅಂದರೆ ಆ ಮಾತಿನಲ್ಲಿ ಕೋಲಾರ, ಮಂಡ್ಯವೂ ಇವೆ. ಹಾಗಾಗಿ ಜಿಲ್ಲಾವಾರು ಮುನ್ಸೂಚನೆಯನ್ನೇ ತೆಗೆಸಿ. "ಕೆಲವು ಕಡೆ" ಅನ್ನುವುದು ಶೇ 26ರಿಂದ 50ರಷ್ಟು ಕೇಂದ್ರಗಳಲ್ಲಿ ಅಂತ, ಮಳೆ ಕಡಿಮೆ ಅಂತಲ್ಲ. ಜಿಲ್ಲೆಯ ಒಳಗೂ ಭಾಗಮಂಡಲದ ಮಳೆ ಕುಶಾಲನಗರದ ಹಲವು ಪಟ್ಟು ಇರುತ್ತದೆ, ಆದ್ದರಿಂದ ತಂಡ ಯಾವ ಊರಿಗೆ ಹೇಳುತ್ತಿದೆ ಅಂತ ಹೆಸರಿಸಲೇಬೇಕು.

ಪಡುವಣ ಗಾಳಿ

ಮುನ್ಸೂಚನೆಗೆ ಬರುವ ದಾರಿ: ಎರಡು ದಿನದ ನಿಮ್ಮದೇ ಅಳತೆ, ಜಿಲ್ಲಾವಾರು ಮುನ್ಸೂಚನೆ, ಉಪಗ್ರಹ ಚಿತ್ರ, ಗಾಳಿ. ಇಷ್ಟು ಸಾಕು. ಬಂಗಾಳಕೊಲ್ಲಿಯ ಉತ್ತರದಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದರೆ ಅರಬ್ಬಿ ಸಮುದ್ರದ ಕಡೆಯ ಗಾಳಿ ಬಿರುಸಾಗಿ ಘಟ್ಟದಲ್ಲಿ ಮಳೆ ಏರುವುದು ಸಾಮಾನ್ಯ. "ನಿನ್ನೆಯದೇ ಇಂದು" ತಂಡವನ್ನು ಸೋಲಿಸಲು ಇಂಥ ಸುಳಿವು ಬೇಕು.

ಮೂರು ಕಡೆ ಮಕ್ಕಳು ಮೋಸ ಹೋಗುತ್ತಾರೆ. ಇನ್ಸಾಟ್ ಉಪಗ್ರಹ ಚಿತ್ರದ ಮೇಲಿನ ಸಮಯ ಗ್ರೀನಿಚ್‌ನದ್ದು, ಐದೂವರೆ ಗಂಟೆ ಕೂಡಿಸಬೇಕು. ಕೂಡಿಸದಿದ್ದರೆ ನಸುಕಿನ ಮೋಡವನ್ನು ಹಿಂದಿನ ರಾತ್ರಿಯದು ಅಂದುಕೊಳ್ಳುತ್ತಾರೆ. ಎರಡನೆಯದಾಗಿ, ಇನ್‌ಫ್ರಾರೆಡ್ ಚಿತ್ರದಲ್ಲಿ ಬೆಳ್ಳಗೆ ಕಾಣುವುದು ಎತ್ತರದ, ತಣ್ಣಗಿನ ಮೋಡ. ಘಟ್ಟಕ್ಕೆ ಬಡಿದು ಸುರಿಸುವ ಮುಂಗಾರು ಮೋಡ ಎಷ್ಟೋ ಸಲ ಗಿಡ್ಡಗಿದ್ದು ಬೂದು ಬಣ್ಣದಲ್ಲೇ ಕಾಣುತ್ತದೆ. ಬಿಳಿ ಇಲ್ಲ ಅಂತ ಹಗುರ ಮಳೆ ಹೇಳಿದರೆ ಕೆಡುತ್ತದೆ.

ಮೂರನೆಯದು ಫೋನಿನ ವಾಯುಭಾರಮಾಪಕ. ಮಡಿಕೇರಿಯ ಎತ್ತರದಲ್ಲಿ ಅದು 880ರಿಂದ 890 ಮಿಲಿಬಾರ್ ತೋರಿಸುತ್ತದೆ. ಹವಾಮಾನ ನಕ್ಷೆಯ 1005ರ ಜೊತೆ ಹೋಲಿಸಿ "ಚಂಡಮಾರುತ!" ಅಂತ ಗಾಬರಿಯಾಗಬೇಕಿಲ್ಲ, ನಕ್ಷೆಯಲ್ಲಿರುವುದು ಸಮುದ್ರಮಟ್ಟಕ್ಕೆ ಸರಿಹೊಂದಿಸಿದ ಸಂಖ್ಯೆ. ಅದೂ ಅಲ್ಲದೆ ನಮ್ಮ ಅಕ್ಷಾಂಶದಲ್ಲಿ ಒತ್ತಡ ಬೆಳಿಗ್ಗೆ 10ರ ಸುಮಾರಿಗೆ ಏರಿ ಸಂಜೆ 4ರ ಸುಮಾರಿಗೆ ತಾನಾಗಿಯೇ ಇಳಿಯುತ್ತದೆ. ಈ ಇಳಿತಕ್ಕೂ ಮಳೆಗೂ ಸಂಬಂಧವಿಲ್ಲ. ನಿನ್ನೆ 9.30ರ ಅಳತೆಯನ್ನು ಇವತ್ತಿನ 9.30ರ ಜೊತೆ ಮಾತ್ರ ಹೋಲಿಸಿ.

ಮೈಕ್ ಮುಂದೆ

ಮಾತಿನ ಬಗ್ಗೆ. ಒಂದೂವರೆ ನಿಮಿಷ, 120ರಿಂದ 140 ಪದ, ಅದಕ್ಕಿಂತ ಹೆಚ್ಚು ಬೇಡ. ಮೊದಲ ವಾಕ್ಯದಲ್ಲೇ ಊರು, ಹೊತ್ತು, ಮಳೆಯ ಮನೆ ಬರಬೇಕು. ಕಾರಣ ಆಮೇಲೆ ಒಂದೇ ವಾಕ್ಯ, ನಿನ್ನೆಯ ತಂಡ ಹೇಳಿದ್ದು ಎಷ್ಟು ಸರಿಯಾಯಿತು ಅನ್ನುವುದು ಕೊನೆಗೆ. ಉದಾಹರಣೆಗೆ: "ನಾಪೋಕ್ಲಿನಲ್ಲಿ ಇವತ್ತು ಬೆಳಿಗ್ಗೆಯಿಂದ ನಾಳೆ ಬೆಳಿಗ್ಗೆವರೆಗೆ ಭಾರಿ ಮಳೆ, ಎರಡೂವರೆಯಿಂದ ನಾಲ್ಕೂವರೆ ಇಂಚು." "ಮಳೆರಾಯನ ಆರ್ಭಟ"ದಂಥ ಪತ್ರಿಕೆಯ ಮಾತು ತೆಗೆಸಿ. ಅದರಿಂದ ಛತ್ರಿ ಸಾಕೋ ರೈನ್‌ಕೋಟ್ ಬೇಕೋ ಅನ್ನುವುದೂ ತಿಳಿಯುವುದಿಲ್ಲ.

ಹಳೆಯ ಬೆಡ್‌ಶೀಟ್ ಮೇಲೆ ಐದು ತಾಲ್ಲೂಕುಗಳ ನಕ್ಷೆ ಬರೆಸಿ. ಮಗು ನೋಡುವವರ ಬಲಕ್ಕೆ, ಅಂದರೆ ಕುಶಾಲನಗರದ ಬದಿಗೆ ನಿಲ್ಲಲಿ. ಮಳೆ ಬರುವ ತಲಕಾವೇರಿ ಕಡೆ ಮರೆಯಾಗುವುದಿಲ್ಲ, ಬಲಗೈಯಲ್ಲಿ ತೋರಿಸಲೂ ಸುಲಭ. ನಕ್ಷೆಗೆ ಮುಖ ಮಾಡಿ ಮಾತಾಡಿದರೆ ಛಾವಣಿಯ ಶೀಟಿನ ಮೇಲೆ ಹನಿಯುವ ಮಳೆಯ ಸದ್ದಿನಲ್ಲಿ ಹಿಂದಿನ ಸಾಲಿಗೆ ಏನೂ ಕೇಳಿಸುವುದಿಲ್ಲ.

ಒಂದು ವಿಷಯದಲ್ಲಿ ಬಿಗಿಯಾಗಿರಿ: ಯೆಲ್ಲೋ, ಆರೆಂಜ್, ರೆಡ್ ಅಲರ್ಟ್ ಮಕ್ಕಳು ಕೊಡುವಂಥದ್ದಲ್ಲ. "ಹವಾಮಾನ ಇಲಾಖೆ ಆರೆಂಜ್ ಅಲರ್ಟ್ ನೀಡಿದೆ" ಅಂತ ಹೊರಡಿಸಿದವರ ಹೆಸರು ಹೇಳಿಯೇ ಓದಬೇಕು. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಕಂಡ ಜಿಲ್ಲೆ ಇದು, ಮಕ್ಕಳ ಬಾಯಿಂದ ಬಂದ ಅಲರ್ಟ್ ವಾಟ್ಸಾಪ್ ಹತ್ತಿದರೆ ಹಿಂದೆ ತರಲಾಗುವುದಿಲ್ಲ. ರಜೆ ಘೋಷಣೆಯೂ ಅಷ್ಟೇ.

ನಾಪೋಕ್ಲು ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದೇ ಅನುಮಾನ: ಜೋರು ಮಳೆಗೆ ಎರಡು ದಿನ ರಜೆ ಕೊಟ್ಟರೆ ಅಳತೆ ಏನು ಮಾಡುವುದು?

ಮಳೆಲೆಕ್ಕ

ರಜೆಯ ದಿನ ಅಳೆಯಲು ಮಕ್ಕಳನ್ನು ಶಾಲೆಗೆ ಕಳಿಸಬೇಡಿ. ಶಾಲೆ ತೆರೆದ ದಿನ ಕ್ಯಾನಿನಲ್ಲಿ ಇದ್ದದ್ದನ್ನು "3 ದಿನದ ಒಟ್ಟು" ಅಂತ ಒಂದೇ ಸಾಲಿನಲ್ಲಿ ಬರೆಯಿರಿ. ಮೂರರಿಂದ ಭಾಗಿಸಿ ದಿನದಿನಕ್ಕೆ ಹಂಚಬಾರದು, ಆ ದಿನಗಳಿಗೆ ಯಾವ ತಂಡಕ್ಕೂ ಅಂಕವಿಲ್ಲ. 11.3 ಸೆಂ.ಮೀ. ಲಾಳಿಕೆಗೆ 5 ಲೀಟರ್ ಅಂದರೆ 500 ಮಿ.ಮೀ., ಸುಮಾರು 19 ಇಂಚು 70 ಸೆಂಟ್. ಅದಕ್ಕೂ ಮೀರಿ ಉಕ್ಕಿದ್ದರೆ "500ಕ್ಕಿಂತ ಹೆಚ್ಚು" ಅಂತ ಬರೆದು, ಹತ್ತಿರದ ತೋಟದ ಪುಸ್ತಕದ ಲೆಕ್ಕವನ್ನು ಪಕ್ಕದಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ ಹಾಕಿಸಿ.